ಅಜ್ಜಿಯ ಕೈಕೆಲಸವೂ ಮೊಮ್ಮಕ್ಕಳ ಕನ್ನಡವೂ

(ಸಂಘದ ರಾಜ್ಯೋತ್ಸವ ಸಮಾರಂಭದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಪಂಪ ರನ್ನರನ್ನು ಕುರಿತೋ, ಬಸವಣ್ಣನವರನ್ನು ಕುರಿತೋ, ಏಕೀಕರಣದ ಹೋರಾಟವನ್ನು ಕುರಿತೋ ಮಾತನಾಡುವುದು ವಾಡಿಕೆ. ಅದು ಉಚಿತವೂ ಹೌದು. ಆದರೆ ಈ ಸಲ ಕಾರ್ಯಕರ್ತರು ಪಿಂಪಳಗಾಂವ್ ಬಸವಂತದಲ್ಲಿ ತನ್ನ ಪಾಡಿಗೆ ತಾನಿದ್ದ ಅಡಿಗೆಮನೆಯ ಅಜ್ಜಿಯೊಬ್ಬಳನ್ನು ಹಿಡಿತಂದು ಇಲ್ಲಿ ನಿಲ್ಲಿಸಿದ್ದಾರೆ. ನಮ್ಮಲ್ಲಿ ಇರುವ ಬಂಡವಾಳವೆಂದರೆ ಒಂದಿಷ್ಟು ಮಣ್ಣು, ಒಂದಿಷ್ಟು ಹಿಟ್ಟು, ಒಂದು ಮುಷ್ಟಿ ಎಳ್ಳು, ಎರಡು ಬಟ್ಟಲು ಸಕ್ಕರೆ. ಇದರಲ್ಲಿಯೇ ನಿಮಗೆ ಉಣಬಡಿಸಬೇಕು. ರುಚಿ ಕಡಮೆಯಾದರೆ ಮನ್ನಿಸಬೇಕು.

ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಹೇಳಿದೆಯೆಂಬುದನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದವರೇ. ಆ ಗೋದಾವರಿಯ ದಂಡೆಯ ಮೇಲೆಯೇ ಇಂದು ಈ ನಾಸಿಕದಲ್ಲಿ ಕೂಡಿದ್ದೇವೆ. ಇಲ್ಲಿಂದ ಮುಂಬಯಿ–ಆಗ್ರಾ ಹೆದ್ದಾರಿಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ನಿಫಾಡ ತಾಲೂಕಿನ ನಮ್ಮ ಪಿಂಪಳಗಾಂವ್ ಬಸವಂತ. ದ್ರಾಕ್ಷಿ, ಉಳ್ಳಾಗಡ್ಡಿ, ಟೊಮೆಟೊಗಳ ಊರು. ಊರ ಹೆಸರಿನಲ್ಲಿ ಬಸವನ ಸದ್ದು ಕೇಳಿ, ವಿಜಾಪುರ ಸೀಮೆಯಿಂದ ಬಂದ ನಮಗೆ ಮೊದಲ ದಿನವೇ ಮನಸ್ಸಿಗೆ ಹಿತವೆನಿಸಿತ್ತು. ಆ ಹೊತ್ತಿನಿಂದ ಈ ಹೊತ್ತಿನವರೆಗೆ ಆ ಊರ ಜನ ನಮ್ಮನ್ನು ಪರಕೀಯರೆಂದು ಕಂಡದ್ದಿಲ್ಲ. ಮರಾಠಿಯು ನಮಗೆ ಅನ್ನ ಕೊಟ್ಟ ಭಾಷೆ. ಅದರ ಮೇಲೆ ದೂರು ಹೇಳಲು ನಾವು ಬಂದಿಲ್ಲ. ದೂರು ಹೇಳುವುದಿದ್ದರೆ ಅದು ನಮ್ಮ ಮೇಲೆಯೇ.

ಸಂಗತಿ ಹೀಗೆ. ನಮ್ಮ ಮಗ ಸೊಸೆ ಈ ನಾಸಿಕದಲ್ಲಿ ಇದ್ದಾರೆ. ಅವರಿಗೆ ಇಬ್ಬರು ಮಕ್ಕಳು. ಆಗ ಹುಡುಗಿಗೆ ಏಳು ವರ್ಷ, ಹುಡುಗನಿಗೆ ಐದು. ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಮರಾಠಿ, ಟಿ.ವಿ.ಯಲ್ಲಿ ಹಿಂದಿ. ಕನ್ನಡವೆಂಬುದು ಅಪ್ಪ ಅಮ್ಮ ತಮ್ಮತಮ್ಮೊಳಗೆ ಆಡುವ, ಮಕ್ಕಳಿಗೆ ತಿಳಿಯಬಾರದ ಮಾತುಗಳಿಗೆ ಮೀಸಲಾದ ಭಾಷೆಯಾಗಿಬಿಟ್ಟಿತ್ತು! ರವಿವಾರ ರವಿವಾರ ಮಕ್ಕಳು ನಮ್ಮಲ್ಲಿಗೆ ಬರುತ್ತಿದ್ದರು. ನಾವು ಕನ್ನಡದಲ್ಲಿ ಕೇಳಿದರೆ ಅವರು ಮರಾಠಿಯಲ್ಲಿ ಉತ್ತರ ಹೇಳುವರು. ಸರಿ, ಇವರಿಗೆ ಕನ್ನಡ ಕಲಿಸಿಯೇ ತೀರಬೇಕೆಂದು ನಾವು ಪಣ ತೊಟ್ಟೆವು. ಪಾಟಿ ಬಳಪ ತಂದೆವು. ಅ ಆ ಇ ಈ ಬರೆದೆವು. ಹತ್ತು ಸಲ ತಿದ್ದಿಸಿದೆವು, ತಪ್ಪಿದಾಗ ಗದರಿದೆವು. ನಾಲ್ಕನೆಯ ರವಿವಾರ ಹುಡುಗ ಬಾಗಿಲಲ್ಲಿಯೇ ನಿಂತು ಅಳಲಾರಂಭಿಸಿದ. ತಾಯಿಗೆ ಅವನು ಹೇಳಿದ್ದು ಇಷ್ಟು: ಅಜ್ಜಿಯ ಮನೆಯಲ್ಲೂ ಶಾಲೆಯೇ ಇದೆ, ನಾನು ಒಲ್ಲೆ. ಅದನ್ನೂ ಮರಾಠಿಯಲ್ಲಿಯೇ ಹೇಳಿದ.

ಬಂಧು ಭಗಿನಿಯರೇ, ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಕನ್ನಡ ಕಲಿಸಹೋಗಿ ಮೊಮ್ಮಗನನ್ನೇ ಕಳೆದುಕೊಳ್ಳುವ ಹಾಗಾಯಿತಲ್ಲಾ ಎಂದು ಸಂಕಟವಾಯಿತು. ನಮಗೆ ಕನ್ನಡವನ್ನು ಯಾರು ಕಲಿಸಿದರು, ಯಾವ ಪಾಟಿಯ ಮೇಲೆ ಕಲಿಸಿದರು ಎಂದು ನೆನೆಯುತ್ತ ಮಲಗಿದಾಗ ಕಣ್ಣ ಮುಂದೆ ಬಂದದ್ದು ನಮ್ಮ ಅಜ್ಜಿಯ ಕೈಗಳು. ಎರೆಮಣ್ಣು ಮೆತ್ತಿದ ಕೈ, ಹಿಟ್ಟು ಹತ್ತಿದ ಕೈ. ಪಾಟಿ ಬಂದದ್ದು ಆಮೇಲೆ. ಮರುದಿನವೇ ಪಾಟಿಯನ್ನು ಅಟ್ಟಕ್ಕೆ ಹಾಕಿದೆವು.

ಅದು ಮಳೆಗಾಲದ ಆರಂಭ. ನಮ್ಮ ಕಡೆಯಲ್ಲಿ ಕಾರಹುಣ್ಣಿಮೆಯಾದ ಹದಿನೈದು ದಿನಕ್ಕೆ, ಜ್ಯೇಷ್ಠದ ಅಮಾವಾಸ್ಯೆಗೆ, ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆಂಬುದು ನಿಮಗೆಲ್ಲ ಗೊತ್ತಿದ್ದದ್ದೇ. ಆ ವಾರ ಮಕ್ಕಳು ಬಂದಾಗ ಅಂಗಳದಲ್ಲಿ ಒಂದು ಬುಟ್ಟಿ ಎರೆಮಣ್ಣನ್ನು ನೆನೆಹಾಕಿ ನಾದುತ್ತ ಕುಳಿತಿದ್ದೆವು. ಯಾರನ್ನೂ ಕರೆಯಲಿಲ್ಲ. ಐದು ನಿಮಿಷದೊಳಗೆ ಇಬ್ಬರೂ ಮಣ್ಣಿನಲ್ಲಿ ಮೊಣಕೈಮಟ ಇಳಿದಿದ್ದರು. ಎತ್ತು ಮಾಡಬೇಕಾದರೆ ಕೋಡು ಬೇಕು, ಬಾಲ ಬೇಕು, ಗೊರಸು ಬೇಕು, ಮುಂದಿಡಲು ಗೋದಲಿ ಬೇಕು. ಕಣ್ಣಿಗೆ ಜೋಳದ ಕಾಳು ಒತ್ತಬೇಕು. ಹುಡುಗನ ಎತ್ತಿಗೆ ಇಣಿಯೇ ಇರಲಿಲ್ಲ. “ಇಣಿ ಇಡಲಿಲ್ಲಂದ್ರ ಅದು ಎಮ್ಮಿ ಆಗ್ತದ ನೋಡಪಾ, ಎತ್ತ ಆಗೂದಿಲ್ಲ” ಎಂದೆವು. ಅವನು ಬಿದ್ದು ಬಿದ್ದು ನಕ್ಕ. ಮರಾಠಿಯಲ್ಲಿ ಅದಕ್ಕೆ ವಶಿಂಡವೆನ್ನುತ್ತಾರೆ; ಊರ ನಡುವೆ ಬೆಳೆದ ಹುಡುಗನಿಗೆ ಆ ಮಾತೂ ಗೊತ್ತಿರಲಿಲ್ಲ. ಮೊದಲು ಕೈಗೆ ಬಂದದ್ದು ಇಣಿ, ಆದುದರಿಂದ ಬಾಯಿಗೆ ಬಂದದ್ದೂ ಇಣಿಯೇ. ಆ ದಿನವೆಲ್ಲ ಇಣಿ, ಇಣಿ ಎಂದು ಮನೆ ತುಂಬ ಓಡಾಡಿದ.

ಇನ್ನೊಂದು ಸ್ವಾರಸ್ಯ. ವಿಜಾಪುರದ ಎರೆಭೂಮಿಗೂ ನಿಫಾಡದ ಕರಿಮಣ್ಣಿಗೂ ತಾಯಿ ಒಬ್ಬಳೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನದ ಮೇಲೆ ಹರಿದ ಲಾವಾರಸ ಕಲ್ಲಾಗಿ, ಆ ಕಲ್ಲು ಸವೆದು ಆದ ಮಣ್ಣು ಅದು. ಮಣ್ಣಿಗೆ ಗಡಿ ಇಲ್ಲ. ಹಬ್ಬಕ್ಕೆ ಮಾತ್ರ ತಿಥಿಯ ಭೇದ. ನಾಸಿಕದ ಕಡೆಯ ರೈತರು ಎತ್ತಿನ ಪೂಜೆ ಮಾಡುವುದು ಶ್ರಾವಣದ ಅಮಾವಾಸ್ಯೆಗೆ, ಪೋಳಾ ಹಬ್ಬದಲ್ಲಿ. ಎತ್ತಿಲ್ಲದವರು ಅಂದು ಮಣ್ಣಿನ ಎತ್ತನ್ನು ಪೂಜಿಸುತ್ತಾರೆ. ಹೀಗಾಗಿ ನಮ್ಮ ಮೊಮ್ಮಕ್ಕಳಿಗೆ ವರ್ಷಕ್ಕೆ ಎರಡು ಎತ್ತಿನ ಹಬ್ಬ! ಪೋಳಾದ ದಿನ ನೆರೆಮನೆಯ ಮಕ್ಕಳೂ ನಮ್ಮ ಅಂಗಳಕ್ಕೆ ಬಂದರು. ನಮ್ಮ ಹುಡುಗ ಅವರಿಗೆ ಗುರುವಾಗಿ ಕುಳಿತು, ಮಿಕ್ಕದ್ದೆಲ್ಲ ಮರಾಠಿ, ಇಣಿ ಗೋದಲಿ ಮಾತ್ರ ಕನ್ನಡ, ಹೀಗೆ ಪಾಠ ಹೇಳಿದ.

ದೀಪಾವಳಿ ಬಂತು. ಮಹಾರಾಷ್ಟ್ರದ ಮಕ್ಕಳು ಅಂಗಳದಲ್ಲಿ ಮಣ್ಣಿನ ಕೋಟೆ ಕಟ್ಟುವ ಸಂಭ್ರಮವನ್ನು ನೀವೆಲ್ಲ ಕಂಡಿದ್ದೀರಿ. ಆಗಲೇ ಇಲ್ಲಿನ ಮನೆಗಳವರು ನಾನ್‌ಖಟಾಯಿಯ ಸಾಮಾನನ್ನು ಡಬ್ಬಿಯಲ್ಲಿ ತುಂಬಿಕೊಂಡು ಬೇಕರಿಯ ಭಟ್ಟಿಗೆ ಒಯ್ದು ಸುಡಿಸಿಕೊಂಡು ಬರುವ ಪದ್ಧತಿ ಹಿಂದಿನಿಂದ ಉಂಟು. ನಾವು ಮಕ್ಕಳ ಜೊತೆ ಅದನ್ನು ಮನೆಯಲ್ಲಿಯೇ ಮಾಡಹೊರಟೆವು. ಒಂದು ಬಟ್ಟಲು ತುಪ್ಪ, ಒಂದು ಬಟ್ಟಲು ಪುಡಿಸಕ್ಕರೆ, ಎರಡು ಬಟ್ಟಲು ಹಿಟ್ಟು; ಹಿಟ್ಟಿನಲ್ಲಿ ಮೈದಾ ಹೆಚ್ಚು, ಕಡಲೆಹಿಟ್ಟು ಸ್ವಲ್ಪ, ರವೆ ಒಂದು ಮುಷ್ಟಿ, ಏಲಕ್ಕಿ ಚಿಟಿಕೆ. ತುಪ್ಪವನ್ನೂ ಸಕ್ಕರೆಯನ್ನೂ ಅಂಗೈಯಿಂದ ತಿಕ್ಕಿ ತಿಕ್ಕಿ ಬೆಣ್ಣೆಯಂತೆ ಬೆಳ್ಳಗೆ ಮಾಡುವುದೇ ಇದರ ಗುಟ್ಟು. ಈ ಕೆಲಸ ಮಕ್ಕಳಿಗೆ ಹೇಳಿ ಮಾಡಿಸಿದಂಥದು. ಬಟ್ಟಲು, ಮುಷ್ಟಿ, ಬೊಗಸೆ, ಚಿಟಿಕೆ: ಅಳತೆಯ ಈ ಮಾತುಗಳನ್ನೆಲ್ಲ ಅವರು ಕೈಯಿಂದಲೇ ಕಲಿತರು. ತುಪ್ಪಕ್ಕೆ ಮರಾಠಿಯಲ್ಲಿ ತೂಪ, ಅಜ್ಜಿಗೆ ಆಜಿ ಎಂಬುದನ್ನು ಹುಡುಗಿ ತಾನೇ ಕಂಡುಹಿಡಿದು, ಇವೆರಡೂ ಭಾಷೆ ಅಕ್ಕತಂಗಿಯರೇನು ಎಂದು ಕೇಳಿದಳು. ನೆರೆಹೊರೆಯವರು, ಬಹಳ ದಿನದಿಂದ ಕೊಡುಕೊಳ್ಳುವವರು ಎಂದು ಹೇಳಿದೆವು.

ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಕಾಯಿಸಿ, ಮೇಲೆ ತಟ್ಟೆಯಿಟ್ಟು ಮುಚ್ಚಿದೆವು. ಮಾತಿನ ಭರದಲ್ಲಿ ನಾವು ಹೊತ್ತು ಮರೆತೆವು. ಮೊದಲ ಸಲದ ಹನ್ನೆರಡೂ ತಳ ಹತ್ತಿ ಕರಿಕಾದವು. ಮಕ್ಕಳ ಮುಖ ಬಾಡಿತು. “ಅಜ್ಜಿಯ ತಪ್ಪು, ನಿಮ್ಮದಲ್ಲ” ಎಂದು ಒಪ್ಪಿಕೊಂಡೆವು. ಪಾಟಿಯ ದಿನಗಳಲ್ಲಿ ತಪ್ಪೆಲ್ಲ ಮಕ್ಕಳದೇ ಆಗಿತ್ತು. ಅಡಿಗೆಮನೆಯಲ್ಲಿ ಅಜ್ಜಿಯೂ ತಪ್ಪುವಳೆಂದು ತಿಳಿದ ಮೇಲೆ ಅವರ ನಾಲಿಗೆಯ ಬಿಗಿ ಸಡಿಲಿತು. ಎರಡನೆಯ ಸಲ ಹುಡುಗಿ ಕಾವಲು ಕೂತಳು. ತಲೆಯ ಮೇಲೆ ಸಣ್ಣಗೆ ಬಿರುಕು ಬಿಟ್ಟು, ಅಂಚು ಕೆಂಪಗಾದಾಗ ಇಳಿಸಿದೆವು. ಒಂದೊಂದರ ನಡುವೆ ಹುಡುಗ ಒಂದೊಂದು ಒಣದ್ರಾಕ್ಷಿ ಒತ್ತಿದ್ದ. ಪಿಂಪಳಗಾಂವಿನ ನಾನ್‌ಖಟಾಯಿಗೆ ದ್ರಾಕ್ಷಿ ಇರದಿದ್ದರೆ ಹೇಗೆ?

ಇನ್ನು ಕುಸುರೆಳ್ಳಿನ ಮಾತು. ಸಂಕ್ರಾಂತಿಗೆ ಉತ್ತರ ಕರ್ನಾಟಕದ ಮನೆಗಳಲ್ಲಿ ಮಾಡುವ ಈ ಕೆಲಸಕ್ಕೆ ಸಮನಾದ ಕೈಕೆಲಸ ಇನ್ನೊಂದಿಲ್ಲ. ಮರಾಠಿಗರು ಇದನ್ನೇ ಹಲವಾ ಎನ್ನುತ್ತಾರೆ. ಅದರ ಕಾಳುಗಳನ್ನು ಪೋಣಿಸಿ ಹೊಸ ಸೊಸೆಗೂ ಎಳೆಯ ಕೂಸಿಗೂ ಒಡವೆ ಮಾಡಿ ತೊಡಿಸುತ್ತಾರೆ. ಎಳ್ಳನ್ನು ಬೆಚ್ಚಗೆ ಮಾಡಿ ಅಗಲವಾದ ಪರಾತದಲ್ಲಿ ಹರಡಬೇಕು. ಕೆಳಗೆ ಬೂದಿ ಮುಚ್ಚಿದ ಕೆಂಡದ ಮಂದ ಕಾವು. ಸಕ್ಕರೆಯ ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು, ಒಂದೊಂದೇ ಚಮಚೆ ಹನಿಸುತ್ತ, ಬೆರಳ ತುದಿಯಿಂದ ಮೆಲ್ಲಗೆ ಆಡಿಸುತ್ತ ಕೂಡಬೇಕು. ಒಣಗಿದ ಮೇಲೆ ಮತ್ತೊಂದು ಚಮಚೆ. ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ. ದಿನದಿನವೂ ಬೆಳೆದು, ಕೊನೆಗೆ ಪ್ರತಿಯೊಂದು ಎಳ್ಳಿನ ಮೈಮೇಲೆ ಬಿಳಿಯ ಮುಳ್ಳು ಏಳುತ್ತವೆ. ಆ ಮುಳ್ಳೇ ಕುಸುರು. ಪಾಕ ಹೆಚ್ಚಾದರೆ ಎಳ್ಳು ಗಂಟುಕಟ್ಟುತ್ತದೆ, ಕಾವು ಹೆಚ್ಚಾದರೆ ಕೆಂಪಾಗುತ್ತದೆ, ಅವಸರ ಮಾಡಿದರೆ ಮುಳ್ಳು ಉದುರುತ್ತದೆ. ಇದಕ್ಕೆ ಚಳಿ ಬೇಕು. ನಿಫಾಡದ ಚಳಿಯಂತೂ ಇಡೀ ಮಹಾರಾಷ್ಟ್ರಕ್ಕೇ ಗೊತ್ತು. ದ್ರಾಕ್ಷಿಯ ತೋಟದವರು ಆ ಚಳಿಗೆ ಹೆದರಿ ರಾತ್ರಿಯೆಲ್ಲ ತೋಟದಲ್ಲಿ ಬೆಂಕಿ ಹಾಕಿ ಕಾಯುವಾಗ, ಕುಸುರೆಳ್ಳು ಮಾಡುವ ನಾವು ಇದೇ ಚಳಿ ಇನ್ನೆರಡು ದಿನ ಇರಲಪ್ಪಾ ಎಂದುಕೊಳ್ಳುವುದು! ಒಬ್ಬರ ಭಯ ಇನ್ನೊಬ್ಬರ ಹದ.

ಹೋದ ಸಂಕ್ರಾಂತಿಯ ವೇಳೆಗೆ ನಮ್ಮ ಬೆರಳ ಗಂಟುಗಳು ಬಾತು, ಪರಾತದ ಮೇಲೆ ಕೈಯಾಡುವುದೇ ಕಷ್ಟವಾಯಿತು. ಈ ವರ್ಷ ಕುಸುರೆಳ್ಳು ಬೇಡ, ಅಂಗಡಿಯಿಂದ ತಂದರಾಯಿತು ಎಂದೆವು. ಒಂಬತ್ತು ವರ್ಷದ ಹುಡುಗಿ ಕೇಳಲಿಲ್ಲ. ಪಾಕ ಹನಿಸುವುದು ನಮ್ಮ ಕೈಲಿ, ಆಡಿಸುವುದು ಅವಳ ಕೈಲಿ ಎಂದು ಕರಾರಾಯಿತು. ರಜೆಯ ಎರಡು ದಿನ ಬೆಳಗಿನ ಜಾವ ಎದ್ದು, ಸ್ವೆಟರು ಹಾಕಿಕೊಂಡು ಕೂತಳು. ಎರಡನೆಯ ದಿನ ಸೂರ್ಯ ಮೇಲೇರುವ ಹೊತ್ತಿಗೆ, ನಾವು ಬೆನ್ನು ನೋವೆಂದು ಗೋಡೆಗೆ ಒರಗಿದ್ದಾಗ, ಅವಳ ದನಿ ಕೇಳಿತು: “ಅಜ್ಜಿ, ಹದಾ ಬಂತ ನೋಡು.”

ನಾವು ಆ ಮಾತನ್ನು ಅವಳಿಗೆ ಎಂದೂ ಪಾಠ ಮಾಡಿ ಕಲಿಸಿರಲಿಲ್ಲ. ಮಣ್ಣು ನಾದುವಾಗ ಅಂದಿದ್ದೆವು, ಹಿಟ್ಟು ಕಲಸುವಾಗ ಅಂದಿದ್ದೆವು, ಪಾಕ ನೋಡುವಾಗ ಅಂದಿದ್ದೆವು. ಭೂಮಿಗೆ ಹದ, ಮಳೆಗೆ ಹದ, ಹಿಟ್ಟಿಗೆ ಹದ, ಮಾತಿಗೂ ಹದ. ಇದಕ್ಕೆ ಸಮನಾದ ಒಂದೇ ಪದವನ್ನು ಇಂಗ್ಲಿಷಿನಲ್ಲಿ ಹುಡುಕಿ ನೋಡಿರಿ, ಸಿಗಲಾರದು. ಆ ಹದವನ್ನು ಬೆರಳಿನಿಂದ ಅರಿತವಳು ಬೇರೆ ಮಾತು ಸಿಗದೆ ಕನ್ನಡಕ್ಕೆ ಬಂದಳು. ಕೇಳಿದ ನಮ್ಮ ಕಣ್ಣಲ್ಲಿ ನೀರು ಬಂತು. ಕೆಂಡದ ಹೊಗೆ ಎಂದು ಹೇಳಿ ಸೆರಗಿನಿಂದ ಒರೆಸಿಕೊಂಡೆವು.

ನಾವು ಹೇಳುತ್ತಿರುವುದು ಹೊಸ ತತ್ತ್ವವೇನಲ್ಲ. ಜರ್ಮನಿಯ ಫ್ರೋಬೆಲನು 1837 ರಲ್ಲಿ ಬಾಲೋದ್ಯಾನವನ್ನು ತೆರೆದಾಗ ಮಣ್ಣು, ಕಾಗದ, ಕಟ್ಟಿಗೆಯ ತುಂಡುಗಳನ್ನೇ ಮಕ್ಕಳ ಕೈಗೆ ಕೊಟ್ಟ. ಅದಕ್ಕೆ ಸರಿಯಾಗಿ ನೂರು ವರ್ಷಕ್ಕೆ, 1937 ರಲ್ಲಿ, ವರ್ಧೆಯ ಶಿಕ್ಷಣ ಪರಿಷತ್ತಿನಲ್ಲಿ ಗಾಂಧೀಜಿ ಕೈಕಸುಬನ್ನು ವಿದ್ಯೆಯ ನಡುವಿಗೆ ತಂದರು. ಇದೇ ಮಹಾರಾಷ್ಟ್ರದ ಬೋರ್ಡಿಯಲ್ಲಿ 1945 ರಲ್ಲಿ ತಾರಾಬಾಯಿ ಮೋಡಕರೂ ಅನುತಾಯಿ ವಾಘರೂ ಬಾಲವಾಡಿಯನ್ನು ಕಟ್ಟಿ, ಹಳ್ಳಿಯಲ್ಲಿ ಸಿಗುವ ಸಾಮಾನುಗಳಿಂದಲೇ ಮಕ್ಕಳಿಗೆ ಕಲಿಸಿದರು. ನಮ್ಮ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನವನ್ನು ಬೆಳೆಸಿದರು. ಮಗುವಿಗೆ ಎಳವೆಯಲ್ಲಿ ಮನೆಮಾತಿನಲ್ಲಿ ಕಲಿಸುವುದು ಲೇಸೆಂದು 2020 ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳಿದೆ. ದೊಡ್ಡವರು ಹೇಳಿದ್ದನ್ನು ನಾವು ಬಾಣಲೆ ಕರಿಕಾದ ಮೇಲೆ ತಿಳಿದುಕೊಂಡೆವು, ಅಷ್ಟೇ ವ್ಯತ್ಯಾಸ.

ಸಂಘದ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ವರ್ಷಕ್ಕೊಮ್ಮೆ ಮಕ್ಕಳಿಂದ ಕಂಠಪಾಠದ ಭಾಷಣ ಮಾಡಿಸಿ ಬಹುಮಾನ ಕೊಡುತ್ತೇವೆ, ಕೊಡಬೇಕು. ಅದರ ಜೊತೆಗೆ ಮೂರು ತಿಂಗಳಿಗೊಂದು ರವಿವಾರ ಅಜ್ಜಿಯರ ಕೈಕೆಲಸದ ದಿನವೆಂದು ಇಟ್ಟುಕೊಳ್ಳಬಾರದೇಕೆ? ಮಣ್ಣೆತ್ತು, ದೀಪಾವಳಿಯ ತಿನಿಸು, ಗೌರಿಹುಣ್ಣಿಮೆಯ ಸಕ್ಕರೆ ಆರತಿ, ಸಂಕ್ರಾಂತಿಯ ಕುಸುರೆಳ್ಳು: ಪಟ್ಟಿ ತಾನಾಗಿಯೇ ಬೆಳೆಯುವುದು. ನಿಯಮ ಮೂರೇ ಸಾಕು. ಬಿಸಿ ಪಾಕ, ಕೆಂಡಗಳ ಹತ್ತಿರ ದೊಡ್ಡವರ ಕೈ ಇರಬೇಕು. ಮಗು ಮಾಡಿದ್ದು ಸೊಟ್ಟಗಾದರೂ ನಾವು ತಿದ್ದಕೂಡದು. ಮಗು ಮರಾಠಿಯಲ್ಲಿ ಕೇಳಿದರೆ ಬೈಯಕೂಡದು. ಕನ್ನಡದಲ್ಲಿ ಉತ್ತರ ಹೇಳಿ ಮುಂದೆ ಸಾಗಬೇಕು. ಅಜ್ಜಿ ದೂರವಿರುವ ಮನೆಗಳ ಮಕ್ಕಳಿಗೆ ಇಲ್ಲಿರುವ ಅಜ್ಜಿಯರೆಲ್ಲ ಅಜ್ಜಿಯರೇ. ಅಜ್ಜಂದಿರೂ ಬರಲಿ, ಮಣ್ಣು ನಾದಲು ತೋಳ್ಬಲ ಬೇಕು.

1956 ರ ನವೆಂಬರ್ 1 ರಂದು ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದಾಯಿತು. ಅದರ ಗಡಿಯ ಆಚೆಗೆ ಹೊಟ್ಟೆಪಾಡಿಗಾಗಿ ಬಂದು ನೆಲೆಸಿದ ನಮ್ಮಂಥವರ ಕನ್ನಡವನ್ನು ಯಾವ ಸರಕಾರವೂ ಕಾಯಲಾರದು, ಕಾಯಲೆಂದು ಕೇಳುವುದೂ ನ್ಯಾಯವಲ್ಲ. ಅದನ್ನು ಕಾಯಬೇಕಾದವರು ನಾವೇ. ನಮ್ಮ ಕೈಗಳಲ್ಲಿ ಬಲವಿರುವ ವರ್ಷಗಳು ಹೆಚ್ಚು ಉಳಿದಿಲ್ಲ. ಮಕ್ಕಳು ಎಳೆಯರಾಗಿರುವ ವರ್ಷಗಳಂತೂ ಇನ್ನೂ ಕಡಮೆ. ಆದುದರಿಂದ ಮುಂದಿನ ರವಿವಾರವನ್ನು ಕಾಯದೆ ಈ ರವಿವಾರವೇ ಹಿಟ್ಟಿನ ಡಬ್ಬಿ ತೆರೆಯಿರಿ ಎಂದು ಕೈಮುಗಿದು ಬೇಡುತ್ತೇವೆ.

ಬರುವಾಗ ಹುಡುಗಿ ಮಾಡಿದ ನಾನ್‌ಖಟಾಯಿಯ ಡಬ್ಬಿಯೊಂದನ್ನು ತಂದಿದ್ದೇವೆ. ಸಭೆ ಮುಗಿದ ಮೇಲೆ ಎಲ್ಲರೂ ಒಂದೊಂದು ತೆಗೆದುಕೊಳ್ಳಬೇಕು. ಹದ ಹೇಗಿದೆಯೆಂದು ಅವಳಿಗೇ ಹೇಳಿರಿ, ಕನ್ನಡದಲ್ಲಿ ಹೇಳಿರಿ, ಅವಳು ತಿಳಿದುಕೊಳ್ಳುತ್ತಾಳೆ. 

ಜಯ ಕರ್ನಾಟಕ.