ವಿಜ್ಞಾನಿಯ ದೇವರು



ನಾನು ಭೌತಶಾಸ್ತ್ರದ ಸ್ನಾತಕೋತ್ತರ ಪದವೀಧರ. ವೃತ್ತಿಯಿಂದ ಕೇಂದ್ರ ಸರ್ಕಾರದ ಅಧಿಕಾರಿ. ದಿನವೂ ದೇವರಿಗೆ ದೀಪ ಹಚ್ಚಿಯೇ ಕಚೇರಿಗೆ ಹೊರಡುವವನು. “ಓದಿದ್ದು ಭೌತಶಾಸ್ತ್ರ, ಮಾಡುವುದು ಪೂಜೆ. ಇದೇನಪ್ಪಾ?” ಎಂದು ಮಗಳು ಒಮ್ಮೆ ಕೇಳಿದಳು. “ದೊಡ್ಡ ದೊಡ್ಡ ವಿಜ್ಞಾನಿಗಳೇ ನಂಬುತ್ತಾರಲ್ಲ” ಎಂದು ನುಣುಚಿಕೊಂಡೆ. ಆ ಉತ್ತರ ಸರಿಯಲ್ಲವೆಂದು ಈಗ ತೋರುತ್ತಿದೆ.

1979ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಗ್ಲಾಷೋ ಅವರೊಡನೆ ಅಬ್ದುಸ್ ಸಲಾಂ ಹಾಗೂ ಸ್ಟೀವನ್ ವೈನ್‌ಬರ್ಗ್ ಹಂಚಿಕೊಂಡರು. ವಿದ್ಯುತ್ಕಾಂತೀಯ ಬಲವೂ ದುರ್ಬಲ ನ್ಯೂಕ್ಲಿಯರ್ ಬಲವೂ ಮೂಲತಃ ಒಂದೇ ಎಂಬ ಸಿದ್ಧಾಂತವನ್ನು ಇವರಿಬ್ಬರೂ ಬೇರೆಬೇರೆಯಾಗಿ ರೂಪಿಸಿದ್ದರು. ಸಲಾಂ ಶ್ರದ್ಧಾವಂತ ಮುಸಲ್ಮಾನರು, ವೈನ್‌ಬರ್ಗ್ ನಿರೀಶ್ವರವಾದಿ. ಸಮೀಕರಣ ಒಂದೇ, ನಂಬಿಕೆ ಬೇರೆ. ಅಂದಮೇಲೆ ನಂಬಿಕೆ ಹುಟ್ಟಿದ್ದು ಸಮೀಕರಣದಿಂದಲ್ಲ. ಮನೆತನ, ಬಾಲ್ಯದ ಸಂಸ್ಕಾರ, ವಿಶ್ವದೆದುರು ಮೂಡುವ ವಿಸ್ಮಯ ಇವುಗಳಿಂದ. ಸಲಾಂ ಅವರ ಅಹ್ಮದಿಯಾ ಪಂಥವನ್ನು 1974ರಲ್ಲಿ ಪಾಕಿಸ್ತಾನದ ಸಂಸತ್ತು ಇಸ್ಲಾಮಿನಿಂದ ಹೊರಗಿಟ್ಟಿತು. ಆದರೂ ಅವರು ನಂಬಿಕೆಯನ್ನು ತೊರೆಯಲಿಲ್ಲ.

ವಿಶ್ವವು ಹಿಗ್ಗುತ್ತಿದೆಯೆಂದು 1927ರಲ್ಲಿ ಪ್ರತಿಪಾದಿಸಿದ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ 12ನೆಯ ಪಯಸ್ ಇಂಥ ವಿಜ್ಞಾನದಲ್ಲಿ ಸೃಷ್ಟಿಕರ್ತನಿಗೆ ಸಾಕ್ಷ್ಯ ಕಂಡರು. ಲೆಮೈತ್ರ್ ಅದನ್ನು ಒಪ್ಪಲಿಲ್ಲ. ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಗಳಿಗೆ ಹೊರಗಿನದೆಂದರು.

ಒಂದು ಇಲಾಖೆಯ ಅಧಿಕಾರಿಯ ಸಹಿ ಮತ್ತೊಂದು ಇಲಾಖೆಯ ಕಡತದಲ್ಲಿ ನಡೆಯದು. ನನ್ನ ದೀಪಕ್ಕೆ ನೊಬೆಲ್ ವಿಜೇತರ ಸಹಿ ಬೇಕಿಲ್ಲ. ಅದು ನನ್ನ ತಾಯಿಯಿಂದ ಬಂದದ್ದು. ಮಗಳಿಗೆ ಅಷ್ಟನ್ನೇ ಹೇಳಬೇಕಿತ್ತು. ಹಚ್ಚದಿರುವ ಸ್ವಾತಂತ್ರ್ಯ ಅವಳಿಗೂ ಉಂಟು.