ಮನೆತನದ ಹೆಣ್ಣುಹೆಸರುಗಳು
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದ ನಿಮಿತ್ತವಾಗಿ ಭಕ್ತಜನರಲ್ಲನೇಕರು ತಮ್ಮ ತಮ್ಮ ಮನೆತನಗಳ ವಂಶಾವಳಿಯನ್ನು ಬರೆದು ಶ್ರೀಮಠಕ್ಕೆ ಒಪ್ಪಿಸಿರುವರು. ಅವುಗಳನ್ನು ಓದಿ ಕ್ರಮಗೊಳಿಸುವ ಸೇವೆಯು ನನ್ನ ಪಾಲಿಗೆ ಬಂದಿತು. ಗಂಡುಮಕ್ಕಳ ಸಾಲು ಆರೇಳು ತಲೆಮಾರುಗಳವರೆಗೆ ಕಡಿಯದೆ ಸಾಗಿರುವುದು ಸಂತೋಷದ ವಿಷಯ. ಆದರೆ ಹೆಣ್ಣುಮಕ್ಕಳ ಸಾಲು ಬಹುಮಟ್ಟಿಗೆ ಮೂರನೆಯ ತಲೆಗೇ ನಿಂತುಬಿಡುವುದು. ಅಜ್ಜನ ಅಜ್ಜನ ಹೆಸರುಂಟು. ಅಜ್ಜನ ಅವ್ವನ ಹೆಸರಿಲ್ಲ. ಅಲ್ಲಿ "ಇಂಥ ಊರಿನ ಹೆಣ್ಣು" ಎಂದಿಷ್ಟೇ ಇರುವುದು. ಹೆಸರೇ ಇಲ್ಲದ ತಾಯಿಯ ಹೊಟ್ಟೆಯಲ್ಲಿ ಹೆಸರಾಂತ ಮಕ್ಕಳು ಹುಟ್ಟಿದರೆ? ಆದುದರಿಂದ ನಮ್ಮ ಹೆಣ್ಣುಹೆಸರುಗಳು ಕಾಲಕಾಲಕ್ಕೆ ಹೇಗೆ ಬದಲಾದುವು, ಅವುಗಳ ಬೆನ್ನುಹಿಡಿದು ಮನೆತನದ ಚರಿತ್ರೆಯನ್ನು ಹೇಗೆ ಅರಸಬೇಕು ಎಂಬ ವಿಷಯವಾಗಿ ಕೆಲವು ಮಾತುಗಳನ್ನು ವಿಜ್ಞಾಪಿಸುವೆನು.

ಹೆಸರುಗಳ ಬದಲಾವಣೆಯು ಈಚಿನ ಕಾಲದ ಕೇಡೆಂದು ಹಲವರು ಹಳಿಯುವುದುಂಟು. ಶಾಸನಗಳನ್ನು ನೋಡಿದವರು ಹಾಗೆನ್ನಲಾರರು. 10ನೆಯ ಮತ್ತು 11ನೆಯ ಶತಮಾನಗಳಲ್ಲಿ 'ಅಬ್ಬೆ' ಎಂದು ಮುಗಿಯುವ ಹೆಸರುಗಳೇ ಎದ್ದು ಕಾಣುವುವು. ಬಂದಳಿಕೆಯ ಜಕ್ಕಿಯಬ್ಬೆ, 1007ರ ಲಕ್ಕುಂಡಿಯ ಶಾಸನದ ಅತ್ತಿಮಬ್ಬೆ, 1057ರ ಬೆಳತೂರು ಶಾಸನದ ದೇಕಬ್ಬೆ ಇವರೆಲ್ಲರೂ ಆ ಕಾಲದವರು. 'ಅಬ್ಬೆ' ಎಂದರೆ ತಾಯಿ; ಅದೇ 'ಅವ್ವೆ'ಯಾಗಿ, ಬಳಿಕ ನಮ್ಮ 'ಅವ್ವ'ನಾಯಿತು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯು ಶಾಂತಲೆ. ಆಕೆ 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿದಳು. ಆಕೆಯ ತಾಯಿಯ ಹೆಸರು ಮಾಚಿಕಬ್ಬೆ. ತಾಯಿಯದು ಅಚ್ಚಗನ್ನಡದ ಹಳೆಯ ಒಡಲು, ಮಗಳದು ಸಂಸ್ಕೃತದ ಹೊಸ ಉಡುಗೆ. ಒಂದೇ ಮನೆಯಲ್ಲಿ, ಒಂದೇ ತಲೆಮಾರಿನೊಳಗೆ, ಎಂಟುನೂರು ವರ್ಷಗಳಿಗೂ ಹಿಂದೆಯೇ ಈ ಪಲ್ಲಟವು ನಡೆದಿರಲು ಇಂದಿನವರನ್ನು ಮಾತ್ರ ದೂಷಿಸುವುದೇಕೆ?

ಶರಣೆಯರ ಹೆಸರುಗಳು ಮತ್ತೊಂದು ಬಗೆಯವು. ಮೂವತ್ತಕ್ಕೂ ಮಿಕ್ಕ ವಚನಕಾರ್ತಿಯರ ಹೆಸರುಗಳು ನಮಗೆ ಉಳಿದುಬಂದಿರುವುವು. ಮುಕ್ತಾಯಕ್ಕ, ಸತ್ಯಕ್ಕ ಎಂಬಲ್ಲಿ 'ಅಕ್ಕ'. ಕಾಳವ್ವೆ, ಗೊಗ್ಗವ್ವೆ ಎಂಬಲ್ಲಿ 'ಅವ್ವೆ'. ಲಕ್ಕಮ್ಮ, ರಾಯಮ್ಮ ಎಂಬಲ್ಲಿ 'ಅಮ್ಮ'. ಇವು ಮೂರೂ ನಂಟಿನ ಮಾತುಗಳು. ಇವುಗಳೊಡನೆ ಕಾಯಕವೂ ಹೆಸರಿಗೆ ಸೇರಿತು: ಆಯ್ದಕ್ಕಿ ಲಕ್ಕಮ್ಮ, ಕೊಟ್ಟಣದ ಸೋಮಮ್ಮ, ಕದಿರೆ ರೆಮ್ಮವ್ವೆ. ಅಕ್ಕಿಯನ್ನಾಯುವವಳು, ಭತ್ತ ಕುಟ್ಟುವವಳು, ನೂಲುವವಳು ತಮ್ಮ ದುಡಿಮೆಯಿಂದಲೇ ಗುರುತಿಸಲ್ಪಟ್ಟರು. ಅರಸಿಯರ ಹೆಸರು ಕಲ್ಲಿನಲ್ಲಿ ಉಳಿದುದು ಸಹಜ. ಕೊಟ್ಟಣ ಕುಟ್ಟುವವಳ ಹೆಸರು ಉಳಿದುದು ಅವಳ ಮಾತನ್ನು ಬರೆದಿಟ್ಟವರಿದ್ದುದರಿಂದ. ಬರೆದಿಟ್ಟರೆ ಉಳಿಯುವುದು, ಇಲ್ಲವಾದರೆ ಅಳಿಯುವುದು. ಈ ಉಪನ್ಯಾಸದ ಸಾರವೆಲ್ಲವೂ ಇದರಲ್ಲಿಯೇ ಇರುವುದು.

ಈಗ ನಮ್ಮ ಅಜ್ಜಿಯರ ಕಾಲಕ್ಕೆ ಬರುವೆನು. ಬಸವ್ವ, ನೀಲವ್ವ, ಗಂಗವ್ವ, ಚನ್ನವ್ವ, ಗುರವ್ವ, ಶಿವವ್ವ, ಸಂಗವ್ವ, ಪಾರ್ವತೆವ್ವ ಇವು ಉತ್ತರದ ನಾಡಿನ ಮನೆಮನೆಯ ಹೆಸರುಗಳು. ಚರಿತ್ರೆಯನ್ನರಸುವವರಿಗೆ ಇವುಗಳಲ್ಲಿ ಸುಳಿವುಗಳುಂಟು. ಫಕೀರವ್ವ ಎಂಬ ಹೆಸರು ಬಂದರೆ ಶಿರಹಟ್ಟಿಯ ಫಕೀರೇಶ್ವರಮಠದ ಒಕ್ಕಲುತನವನ್ನು ವಿಚಾರಿಸಬೇಕು. ಶರಣಮ್ಮ ಎಂದರೆ ಕಲಬುರಗಿಯ ಶರಣಬಸವೇಶ್ವರರ ಕಡೆಗೆ, ಹುಲಿಗೆವ್ವ ಎಂದರೆ ತುಂಗಭದ್ರೆಯ ದಡದ ಹುಲಿಗಿಯ ಕಡೆಗೆ, ಬನಶಂಕರಿ ಎಂದರೆ ಬಾದಾಮಿಯ ಕಡೆಗೆ, ಮಾದೇವಮ್ಮ ಎಂದರೆ ಹಲವೆಡೆ ತೆಂಕಣ ಮಲೆಯ ಮಾದೇಶ್ವರನ ಕಡೆಗೆ ದಾರಿ ತೋರುವುದು. ಸೊಸೆಯ ತವರೂರು ಮರೆತುಹೋಗಿದ್ದರೂ ಅವಳ ಹೆಸರು ಕೆಲವೊಮ್ಮೆ ಅದನ್ನು ನೆನಪಿಗೆ ತರುವುದು. ಇದು ಸುಳಿವೇ ಹೊರತು ಪ್ರಮಾಣವಲ್ಲ. ಬೇರೆ ಆಧಾರವನ್ನು ಕೂಡಿಸಿ ನೋಡಬೇಕು.

ದುಃಖದ ಹೆಸರುಗಳೂ ಉಂಟು. ಹುಟ್ಟಿದ ಕೂಸುಗಳು ಉಳಿಯದಿದ್ದಾಗ ದೃಷ್ಟಿ ತಾಗದಿರಲೆಂದು ತಿಪ್ಪವ್ವ, ಕಲ್ಲವ್ವ ಎಂದು ಕರೆದರು. ಸಾಲಾಗಿ ಹೆಣ್ಣುಗಳೇ ಹುಟ್ಟಿದಾಗ ಸಾಕವ್ವ, ಸಾಕಮ್ಮ ಎಂದರು. ವಂಶಾವಳಿಯಲ್ಲಿ ತಿಪ್ಪವ್ವನು ಕಂಡರೆ ಅವಳಿಗಿಂತ ಮುಂಚೆ ತೀರಿಹೋದ ಕೂಸುಗಳುಂಟೋ ಎಂದು ಕೇಳಬೇಕು. ಸಾಕವ್ವನು ಕಂಡರೆ ಅವಳ ಅಕ್ಕಂದಿರ ಹೆಸರುಗಳು ಪಟ್ಟಿಯಲ್ಲಿ ಬಿಟ್ಟುಹೋಗಿವೆಯೋ ಎಂದು ನೋಡಬೇಕು. "ಸಾಕು" ಎನಿಸಿಕೊಂಡೇ ಬಾಳಿದ ಆ ತಾಯಂದಿರು ಎಷ್ಟೋ ಮನೆಗಳಿಗೆ ಆಧಾರಸ್ತಂಭವಾಗಿದ್ದರೆಂಬುದನ್ನು ನೀವೆಲ್ಲ ಬಲ್ಲಿರಿ.

ಹುಡುಕುವವರಿಗೆ ಮೂರು ತೊಡಕುಗಳುಂಟು. ಮೊದಲನೆಯದು ಉಚ್ಚಾರ. ಲಿಂಗವ್ವನೇ ನಿಂಗವ್ವ, ವೀರವ್ವನೇ ಈರವ್ವ, ಮಹಾದೇವಿಯೇ ಮಾದೇವಿ. ಒಬ್ಬಳನ್ನು ಇಬ್ಬರೆಂದು ಎಣಿಸಬಾರದು. ಎರಡನೆಯದು, ತೀರಿಹೋದ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ರೂಢಿ. ಇದರಿಂದ ಒಂದು ತಲೆ ಬಿಟ್ಟು ಒಂದು ತಲೆಗೆ ಅದೇ ಹೆಸರು ಮರಳಿ ಬರುವುದು. ಇಬ್ಬರನ್ನು ಒಬ್ಬಳೆಂದು ಎಣಿಸುವ ಅಪಾಯವುಂಟು. ಅತ್ತೆಯ ಹೆಸರನ್ನು ಹಿಡಿದು ಕರೆಯಲು ಸೊಸೆಯು ಸಂಕೋಚಪಟ್ಟು, ಮಗಳನ್ನು ಬರಿದೆ 'ಅವ್ವಿ' ಎನ್ನುತ್ತಿದ್ದುದರಿಂದ ತೊಟ್ಟಿಲ ಹೆಸರು ಮನೆಯವರಿಗೇ ಮರೆತುಹೋದುದುಂಟು. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ಮದುವೆಯಲ್ಲಿ ಹೆಣ್ಣಿನ ಹೆಸರನ್ನು ಬದಲಿಸುವ ಪದ್ಧತಿ. ಉತ್ತರದ ಜಿಲ್ಲೆಗಳ ಅನೇಕ ಮನೆತನಗಳಲ್ಲಿ ಇದು ನಡೆದುಬಂದಿತು. ತವರಿನಲ್ಲಿ ಗಂಗವ್ವನಾಗಿದ್ದವಳು ಗಂಡನ ಮನೆಯಲ್ಲಿ ಶಾಂತವ್ವನಾದಳು. ಎರಡು ವಂಶಾವಳಿಗಳಲ್ಲಿಯೂ ಅವಳು ಅರ್ಧವೇ ಉಳಿದಳು.

ಹೆಳವರು ಎತ್ತಿನ ಮೇಲೆ ಬಂದು, ಹೊತ್ತಿಗೆಯನ್ನು ಬಿಚ್ಚಿ, ಮನೆತನದ ಹಿರಿಯರನ್ನು ಕೊಂಡಾಡುವುದನ್ನು ನೀವು ಕೇಳಿರುವಿರಿ. ಅವರ ಉಪಕಾರವು ದೊಡ್ಡದು. ಆದರೂ ಅವರ ಒಕ್ಕಣೆಯು ಮುಖ್ಯವಾಗಿ ಗಂಡುಸಂತಾನದ ಸಾಲನ್ನೇ ಹಿಡಿದು ಸಾಗುವುದು. ಹೆಣ್ಣುಹೆಸರುಗಳಿಗಾಗಿ ಬೇರೆ ಕಡೆ ಕೈಹಾಕಬೇಕು. ಮದುವೆಯಲ್ಲಿ ಕೊಟ್ಟ ಹಿತ್ತಾಳೆ ತಾಮ್ರದ ಪಾತ್ರೆಗಳ ಕಂಠದಲ್ಲಿ ಕೆತ್ತಿಸಿದ ಹೆಸರುಗಳನ್ನು ಓದಿರಿ. ಮಠದ ಕಾಣಿಕೆಯ ಪಟ್ಟಿಗಳನ್ನೂ, ಹಳೆಯ ಶಾಲೆಯ ದಾಖಲೆಗಳನ್ನೂ, ದಾನಪತ್ರಗಳನ್ನೂ ನೋಡಿರಿ. ಗಂಡಹೆಂಡಿರು ಹೆಸರು ಹೇಳುವ ಒಡಪುಗಳು ಮುದುಕಿಯರ ಬಾಯಲ್ಲಿ ಇನ್ನೂ ಇದ್ದರೆ ಬರೆದುಕೊಳ್ಳಿರಿ.

ಮುಂದೆ ಶಾಲೆಯೂ, ಪತ್ರಿಕೆಯೂ, ಚಲಚ್ಚಿತ್ರವೂ ಬಂದುವು. ಕಮಲಾ, ಸರೋಜಾ, ಶಾರದಾ, ಇಂದಿರಾ ಎಂಬುವು ಕುಲಭೇದವಿಲ್ಲದೆ ಎಲ್ಲರ ಹೆಸರುಗಳಾದುವು. ಬಳಿಕ ಕಲ್ಪನಾ, ಭಾರತಿ, ಆರತಿ, ಮಂಜುಳಾ ಎಂಬ ನಟಿಯರ ಹೆಸರುಗಳು ಹಳ್ಳಿಹಳ್ಳಿಗೂ ಪರಿಚಿತವಾದುವು. ಇಂದು ಅನನ್ಯಾ, ಆದ್ಯಾ, ಸಾನ್ವಿಯರ ಕಾಲ. ಇದಕ್ಕೆ ಮೋಹವೊಂದೇ ಕಾರಣವಲ್ಲ. ಆರೇಳು ಮಕ್ಕಳಿದ್ದಾಗ ಒಬ್ಬ ಮಗಳಿಗೆ ತಂದೆಯ ತಾಯಿಯ ಹೆಸರು, ಇನ್ನೊಬ್ಬಳಿಗೆ ತಾಯಿಯ ತಾಯಿಯ ಹೆಸರು ಸಲ್ಲುತ್ತಿದ್ದುವು. ಒಂದೇ ಮಗಳಿರುವಲ್ಲಿ ಅಜ್ಜಿಯರ ಸರದಿ ಬರುವುದಿಲ್ಲ. 2003ರಲ್ಲಿ ವಿಜಯಪುರದಲ್ಲಿ ಸ್ಥಾಪಿತವಾದ ಮಹಿಳಾ ವಿಶ್ವವಿದ್ಯಾಲಯಕ್ಕೆ ಈಗ ಅಕ್ಕಮಹಾದೇವಿಯ ಹೆಸರಿರುವುದು ಹೆಮ್ಮೆಯೇ ಸರಿ. ತೊಟ್ಟಿಲಲ್ಲಿಯೂ ಆ ಹೆಸರು ಆಗಾಗ ಕೇಳಿಬಂದರೆ ಇನ್ನೂ ಲೇಸು. ಆದರೆ ಯಾರನ್ನೂ ಒತ್ತಾಯಿಸಲಾಗದು. ಹೊಸ ಹೆಸರನ್ನಿಡಿರಿ, ಹಳೆಯದನ್ನು ಬರೆದಿಡಿರಿ.

ಇದು ನೆನಪಿನ ವಿಷಯ ಮಾತ್ರವಲ್ಲ, ಹಕ್ಕಿನ ವಿಷಯವೂ ಅಹುದು. 2005ರ ತಿದ್ದುಪಡಿಯಿಂದ ಹಿಂದೂ ಉತ್ತರಾಧಿಕಾರ ಕಾಯಿದೆಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು ಕೊಟ್ಟಿರುವುದು. ಖಾತೆ ಬದಲಾವಣೆಗೆ ವಂಶವೃಕ್ಷವನ್ನು ಕೊಡುವಾಗ ಹೆಣ್ಣುಮಕ್ಕಳ ಹೆಸರನ್ನು ಬಿಡುವುದು ಅನ್ಯಾಯ. ತವರಿನ ಪತ್ರದಲ್ಲಿ ಒಂದು ಹೆಸರು, ಗಂಡನ ಮನೆಯ ಪತ್ರದಲ್ಲಿ ಮತ್ತೊಂದು ಹೆಸರು ಇರಲು, ಇಬ್ಬರೂ ಒಬ್ಬಳೇ ಎಂದು ಸಾಧಿಸುವ ಹೊರೆಯು ಮುಪ್ಪಿನಲ್ಲಿ ಆ ತಾಯಿಯ ಮೇಲೆಯೇ ಬೀಳುವುದು. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಕೂಸಿನ ಹೆಸರಿಲ್ಲದೆಯೂ ಜನನವನ್ನು ದಾಖಲಿಸಬಹುದು. ಆದರೆ ಹೆಸರಿಟ್ಟ ಬಳಿಕ ಅದನ್ನು ಸೇರಿಸಲು ಮರೆಯಬಾರದು.

ಆದುದರಿಂದ ಭಕ್ತರಲ್ಲಿ ನನ್ನ ಬಿನ್ನಹವಿಷ್ಟೆ. ಮನೆಯ ಹಿರಿಯ ತಾಯಂದಿರ ಬಳಿಯಲ್ಲಿ ಕುಳಿತು ಅವರ ಅವ್ವನ, ಅಜ್ಜಿಯ, ಅತ್ತೆಯ, ಸೋದರತ್ತೆಯ ಹೆಸರುಗಳನ್ನು ಕೇಳಿರಿ. ತೊಟ್ಟಿಲ ಹೆಸರು, ಮದುವೆಯ ಹೆಸರು, ಕರೆಯುವ ಹೆಸರು, ತವರೂರು ಈ ನಾಲ್ಕನ್ನೂ ಬರೆಯಿರಿ. ಎಳವೆಯಲ್ಲಿ ತೀರಿಹೋದ ಹೆಣ್ಣುಕೂಸನ್ನೂ ಬಿಡಬೇಡಿರಿ. ವಿಲಂಬ ಮಾಡಲಾಗದು, ಬಲ್ಲವರು ದಿನೇದಿನೇ ಕಡಿಮೆಯಾಗುತ್ತಿರುವರು. ನೀವು ಒಪ್ಪಿಸಿದ ವಂಶಾವಳಿಗಳನ್ನು ನಿಮಗೆ ಮರಳಿ ಕಳುಹಿಸಲಾಗುವುದು. ಹೆಣ್ಣುಹೆಸರುಗಳನ್ನು ತುಂಬಿ ಮತ್ತೆ ಒಪ್ಪಿಸಬೇಕೆಂದು ಪ್ರಾರ್ಥಿಸಿ, ಈ ಅಲ್ಪಸೇವೆಯನ್ನು ಗುರುಚರಣಕ್ಕೆ ಅರ್ಪಿಸಿ ವಿರಮಿಸುವೆನು.