ಬಂಗುಡೆ ತಿಂದು ಮುಖ ಉರಿದರೆ

ಬಂಗುಡೆ ಪುಳಿಮುಂಚಿ ಉಂಡ ಅರ್ಧ ಗಂಟೆಯೊಳಗೆ ಕೆಲವರಿಗೆ ಮುಖ, ಕುತ್ತಿಗೆ ಬಿಸಿಯೇರಿ ಉರಿಯುತ್ತದೆ, ತಲೆ ಸಿಡಿಯುತ್ತದೆ, ಎದೆ ಡವಗುಟ್ಟುತ್ತದೆ. ಬೆಳ್ಳಗಿನವರಲ್ಲಿ ಚರ್ಮ ಕೆಂಪೇರಿದ್ದು ಎದ್ದು ಕಾಣುತ್ತದೆ. ನಮ್ಮಲ್ಲಿ ಹೆಚ್ಚಿನವರ ಮೈಬಣ್ಣದಲ್ಲಿ ಅದು ಕಣ್ಣಿಗಿಂತ ಮೊದಲು ಕೈಗೆ ತಿಳಿಯುತ್ತದೆ. ಕರಾವಳಿಯಲ್ಲಿ ಇದಕ್ಕೆ ಸಿದ್ಧ ಉತ್ತರ ಒಂದೇ: ನಂಜು, ಅಂದರೆ ಆ ಆಹಾರ ಉಂಡವರ ಮೈಗೆ ಒಗ್ಗದು. ಬದನೆಗೂ ಇದೇ ಅಪವಾದ. ಆದರೆ ಮೀನಿನ ಮಟ್ಟಿಗಾದರೂ, ಉಂಡವರ ದೇಹವನ್ನು ದೂರುವ ಮೊದಲು ಆ ಮೀನು ಐಸ್ ಇಲ್ಲದೆ ಎಷ್ಟು ಹೊತ್ತು ಬಿದ್ದಿತ್ತು ಎಂದು ಕೇಳಬೇಕು.

ಬಂಗುಡೆ, ಬೂತಾಯಿ, ಟ್ಯೂನಾ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಸತ್ತ ಮೀನು ಬಿಸಿಲಲ್ಲಿ ಉಳಿದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಅಲರ್ಜಿಯಲ್ಲಿ ನಮ್ಮ ದೇಹವೇ ಹೊರಬಿಡುವ ರಾಸಾಯನಿಕವೂ ಇದೇ. ಹಾಗಾಗಿಯೇ ಅಲರ್ಜಿ, ಕೆಟ್ಟ ಮೀನಿನ ಈ ಉರಿ ಎರಡೂ ಒಂದೇ ಎನಿಸುತ್ತವೆ. ‘ಚೆನ್ನಾಗಿ ಬೇಯಿಸಿದ್ದೆವಲ್ಲ’ ಎನ್ನಬಹುದು. ಬೆಂಕಿಗೆ ಬ್ಯಾಕ್ಟೀರಿಯಾ ಸಾಯುತ್ತದೆ, ಹಿಸ್ಟಮಿನ್ ಜಗ್ಗುವುದಿಲ್ಲ. ವಾಸನೆ ಬರಲಿಲ್ಲ ಎಂಬುದೂ ಭರವಸೆಯಲ್ಲ. ಕೆಲವೊಮ್ಮೆ ನಾಲಗೆಗೆ ಮೆಣಸಿನಂಥ ಚುರುಕು ತಟ್ಟಬಹುದು, ಆದರೆ ನಮ್ಮ ಮಸಾಲೆಯಲ್ಲಿ ಅದನ್ನು ಗುರುತಿಸುವವರು ಯಾರು? ಜೊತೆಗೆ ಉಂಡವರಿಗೆ ಏನೂ ಆಗದಿರುವುದು ಗಟ್ಟಿಯಾದ ಆಕ್ಷೇಪ. ಆದರೆ ಹಿಸ್ಟಮಿನ್ ಪ್ರಮಾಣ ಮೀನಿನಿಂದ ಮೀನಿಗೆ, ಒಂದೇ ಮೀನಿನ ತುಂಡಿನಿಂದ ತುಂಡಿಗೂ ಬೇರೆ. ಅದನ್ನು ಕರಗಿಸುವ ಶಕ್ತಿಯೂ ಎಲ್ಲರಲ್ಲಿ ಒಂದೇ ಸಮನಿಲ್ಲ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಮಾತ್ರೆ ಆ ಶಕ್ತಿಯನ್ನು ಕುಗ್ಗಿಸುತ್ತದೆ.

ಮೀನಿನ ನಿಜವಾದ ಅಲರ್ಜಿ ಇಲ್ಲವೆಂದಲ್ಲ. ಅದು ತಾಜಾ ಮೀನಿಗೂ ಮರುಕಳಿಸುತ್ತದೆ, ಜೀವಕ್ಕೂ ಎರವಾಗಬಹುದು. ಮನೆಯಲ್ಲೇ ಮತ್ತೆ ತಿಂದು ನೋಡುವ ಸಾಹಸ ಬೇಡ, ವೈದ್ಯರಲ್ಲಿ ಪರೀಕ್ಷೆ ಮಾಡಿಸಬೇಕು. ಮೀನಿನ ಸಂಬಂಧವೇ ಇಲ್ಲದೆ ಮುಖ ಬಿಸಿಯಾಗುವುದಾದರೆ ಮುಟ್ಟು ನಿಲ್ಲುವ ವಯಸ್ಸು, ಮದ್ಯ, ರಕ್ತದೊತ್ತಡದ ಆಮ್ಲೋಡಿಪಿನ್ ಮಾತ್ರೆ, ರೊಸೇಷಿಯಾ ಎಂಬ ಚರ್ಮರೋಗ ಕಾರಣವಿರಬಹುದು. ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು. ಹಿಸ್ಟಮಿನ್ ಉರಿ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ವೈದ್ಯರು ಹಿಸ್ಟಮಿನ್ ತಡೆಯುವ ಮಾತ್ರೆ ಕೊಡುತ್ತಾರೆ. ಉಸಿರು ಕಟ್ಟಿದರೆ, ನಾಲಗೆ ಊದಿದರೆ, ತಲೆ ಸುತ್ತಿ ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತಡೆಯುವ ಕೆಲಸ ದೋಣಿಯಲ್ಲೇ ಶುರುವಾಗಬೇಕು: ಕಿಲೋ ಮೀನಿಗೆ ಕಿಲೋ ಐಸ್, ಮಾರುಕಟ್ಟೆಯಲ್ಲೂ ಅದೇ ತಂಪು. ಮಧ್ಯಾಹ್ನದವರೆಗೆ ಬಿಸಿಲಲ್ಲಿದ್ದ ಬಂಗುಡೆಯನ್ನು ಆಮೇಲೆ ಫ್ರಿಜ್ಜಿನಲ್ಲಿಟ್ಟರೆ, ಆಗಲೇ ಹುಟ್ಟಿಕೊಂಡ ಹಿಸ್ಟಮಿನ್ ಹಾಗೆಯೇ ಉಳಿಯುತ್ತದೆ.